ದೋಣಿಗೆ ಬಾಲ ಕಟ್ಟಿದ ಕಥೆ

ಮೊದಲು ಕಟ್ಟಿದ್ದು ಬಕೆಟ್. ಪೇಂಟ್ ಬರುವ 20 ಲೀಟರಿನ ಹಳೇ ಬಕೆಟ್. ಹಿಂಬದಿಯ ಕ್ಲೀಟಿಗೆ, ಅಂದರೆ ಹಗ್ಗ ಕಟ್ಟುವ ಗೂಟಕ್ಕೆ, ಹಗ್ಗ ಸುತ್ತಿ ನೀರಿಗೆ ಬಿಟ್ಟೆ. ಎರಡನೇ ಅಲೆಗೇ ಹಿಡಿ ಕಿತ್ತುಕೊಂಡು ಬಕೆಟ್ ಕಡಲು ಸೇರಿತು, ಹಗ್ಗದ ತುದಿಯಲ್ಲಿ ಬರೀ ತಂತಿ ಉಳಿಯಿತು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಂಜಿನ್ ಇರೋ ದೋಣಿಗೆ ಬಾಲ ಕಟ್ಟಿದವನು ಲೋಕದಲ್ಲಿ ನೀನೊಬ್ಬನೇ ಮಾರಾಯ!" ಅವತ್ತಿನಿಂದ ಅದರ ಹೆಸರು ಬಾಲ ಅಂತಲೇ ಆಯಿತು. ಅಸಲಿ ಹೆಸರು ಡ್ರೋಗ್: ಅಲೆ ಬೆನ್ನಟ್ಟಿದಾಗ ದೋಣಿ ಓಡದಂತೆ, ಅಡ್ಡ ತಿರುಗದಂತೆ ಹಿಂದಿನಿಂದ ಎಳೆದು ಹಿಡಿಯುವ ಸಾಮಾನು. ಡ್ರೋಗ್ ಅಂದರೆ ನಮ್ಮ ಗುಂಪಿನಲ್ಲಿ ಈಗಲೂ ಯಾರಿಗೂ ತಲೆಗೆ ಹೋಗುವುದಿಲ್ಲ.

ನನ್ನದು 18 ಅಡಿಯ ಫೈಬರ್ ದೋಣಿ, ಹಿಂಬದಿಗೆ ತೂಗುಹಾಕಿದ 40 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ಇಬ್ಬರು ಕೂತು ಟ್ಯಾಂಕ್ ತುಂಬಿದರೆ ನಿಂತ ನೀರಿನಲ್ಲೂ 18 ನಾಟ್ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.) ದಾಟುವುದು ಕಷ್ಟ. ಎದುರಿನಿಂದ ಬರುವ ಅಲೆಗೆ ಇದು ಸಾಕು. ಇಂಜಿನನ್ನು ಒಳಕ್ಕೆ ಟ್ರಿಮ್ ಮಾಡಿ, ಅಂದರೆ ದೋಣಿಯ ಕಡೆಗೆ ವಾಲಿಸಿ, ಮೂತಿ ತಗ್ಗಿಸಬೇಕು, ಅಲೆಯನ್ನು 30–40 ಡಿಗ್ರಿ ಓರೆಯಾಗಿ ಹತ್ತಬೇಕು, ನೆತ್ತಿಗೆ ಬರುವಾಗ ಥ್ರಾಟಲ್ ಇಳಿಸಬೇಕು. ಇದು ಎಲ್ಲರಿಗೂ ಗೊತ್ತಿರುವುದೇ. ಪೇಚಾಟ ಶುರುವಾಗುವುದು ವಾಪಸ್ ಬರುವಾಗ, ಅಲೆ ಬೆನ್ನಟ್ಟಿಕೊಂಡು ಬಂದಾಗ.

ಹಳಬರ ಉಪದೇಶ ಒಂದೇ: "ರೇಸ್ ಕೊಡು. ಅಲೆಗಿಂತ ಮುಂದೆ ಓಡಿದರೆ ಅಲೆ ಏನು ಮಾಡುತ್ತೆ?" ಅವರ 25 ಅಡಿ ದೋಣಿಗೆ, 150 ಎಚ್‌ಪಿ ಇಂಜಿನ್ನಿಗೆ ಆ ಮಾತು ಸರಿ. ನಾನು ಅದನ್ನೇ ನಂಬಿ ಒಮ್ಮೆ ರೇಸ್ ಕೊಟ್ಟೆ. ದೋಣಿ ಅಲೆಯ ನೆತ್ತಿ ದಾಟಿ ಜಾರಿತು, ಮೂತಿ ಮುಂದಿನ ಅಲೆಯ ಬೆನ್ನಿಗೆ ಚುಚ್ಚಿತು, ಹಿಂಬದಿ ಗಿರಕ್ಕನೆ ಪಕ್ಕಕ್ಕೆ ಬಂತು. ದೋಣಿ ಅಲೆಗೆ ಅಡ್ಡ ನಿಂತ ಆ ಮೂರ್ನಾಲ್ಕು ಸೆಕೆಂಡು ಈಗಲೂ ಕನಸಲ್ಲಿ ಬರುತ್ತದೆ. ಮಗುಚಲಿಲ್ಲ ಅಷ್ಟೇ. ಒಳಗೆ ಬಂದ ನೀರು ಸುಮಾರು 10 ಸೆಂಟಿಮೀಟರ್. ಕೇಳಲು ಕಡಿಮೆ, ಆದರೆ ನನ್ನ ದೋಣಿಯ ತಳಕ್ಕೆ ಲೆಕ್ಕ ಹಾಕಿದರೆ 600–700 ಕೆಜಿ ಭಾರ ಅತ್ತಿಂದಿತ್ತ ಓಡಾಡಿದಂತೆ. ಬ್ಯಾಟರಿ, ಫಿಶ್ ಫೈಂಡರ್, ವೈರಿಂಗ್ ಎಲ್ಲ ಹೋಯಿತು. ರಿಪೇರಿಗೆ ಆ ವರ್ಷದ ಪೆಟ್ರೋಲಿಗಿಂತ ಹೆಚ್ಚು ಸುರಿದೆ. ಒಳಗೆ ಬಂದ ನೀರು ಹೊರಹಾಕುವ ಬಿಲ್ಜ್ ಪಂಪಿನ ಮೇಲೂ ಅವತ್ತೇ ನಂಬಿಕೆ ಹೋಗಿದ್ದು. ಡಬ್ಬಿಯ ಮೇಲೆ ಗಂಟೆಗೆ 1,900 ಲೀಟರ್ ಅಂತ ಬರೆದಿತ್ತು. ಮನೆಯಲ್ಲಿ ಡ್ರಮ್ ಇಟ್ಟು ಗಡಿಯಾರ ಹಿಡಿದು ನೋಡಿದೆ. ಪೈಪನ್ನು ದೋಣಿಯ ಅಂಚಿನಷ್ಟು ಎತ್ತರಕ್ಕೆ ಹಿಡಿದಾಗ ಬಂದದ್ದು ಹೆಚ್ಚುಕಡಿಮೆ ಅದರ ಅರ್ಧ.

ಆಮೇಲೆ ಎಣಿಸಲು ಶುರು ಮಾಡಿದೆ. ದೋಣಿ ನಿಲ್ಲಿಸಿ, ಹತ್ತು ನೆತ್ತಿಗಳು ಹಾದುಹೋಗಲು ಎಷ್ಟು ಹೊತ್ತು ಅಂತ ನೋಡಿ, ಹತ್ತರಿಂದ ಭಾಗಿಸುವುದು. ಬಂದ ಸೆಕೆಂಡನ್ನು ಮೂರರಿಂದ ಗುಣಿಸಿದರೆ ಆಳದ ನೀರಿನಲ್ಲಿ ಅಲೆಯ ವೇಗ ನಾಟ್‌ನಲ್ಲಿ ಸಿಗುತ್ತದೆ. 4 ಸೆಕೆಂಡಿನ ಅಲೆಗೆ 12 ನಾಟ್, ನೆತ್ತಿಯಿಂದ ನೆತ್ತಿಗೆ 25 ಮೀಟರ್. 6 ಸೆಕೆಂಡಿನದಕ್ಕೆ 18 ನಾಟ್, 55 ಮೀಟರ್ ಚಿಲ್ಲರೆ. ದಡದ ಹತ್ತಿರ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಅಲೆ ನಿಧಾನವಾಗಿ ಎದ್ದು ನಿಲ್ಲುತ್ತದೆ. ನನ್ನ ದೋಣಿ ನೀರು ಸೀಳುವುದು ಬಿಟ್ಟು ಮೇಲೆದ್ದು ಜಾರತೊಡಗುವುದೇ 12–13 ನಾಟ್‌ಗೆ. ಅಂದರೆ ಗಾಳಿ ಎಬ್ಬಿಸಿದ ಮೋಟು ಅಲೆಯ ವೇಗವೂ ದೋಣಿಯ ಆ ಎಡಬಿಡಂಗಿ ವೇಗವೂ ಒಂದೇ. ಮುಂದಿನ ಅಲೆಯ ಬೆನ್ನ ಮೇಲೆ ಕೂತೇ ಬರೋಣವೆಂದರೆ ಆ ಅಲೆ ಅರ್ಧ ದಾರಿಯಲ್ಲಿ ಸತ್ತುಹೋಗುತ್ತದೆ, ಹಿಂದಿನದು ಮೇಲೆ ಬರುತ್ತದೆ. ಓಡಲು ಶಕ್ತಿ ಸಾಲದು ಅಂದ ಮೇಲೆ ತಡೆದು ನಿಲ್ಲಿಸುವುದೇ ದಾರಿ.

ಬಾಲ ನನ್ನ ಆವಿಷ್ಕಾರವೇನಲ್ಲ. ಹುಟ್ಟು ಹಾಕುತ್ತಿದ್ದ ಕಾಲದ ಜೀವರಕ್ಷಕ ದೋಣಿಗಳು ಅಳಿವೆ ದಾಟುವಾಗ ಕ್ಯಾನ್ವಾಸ್ ಚೀಲ ಎಳೆದುಕೊಂಡೇ ಬರುತ್ತಿದ್ದವು. 1979ರ ಫಾಸ್ಟ್‌ನೆಟ್ ಹಾಯಿದೋಣಿ ರೇಸಿನಲ್ಲಿ ಬಿರುಗಾಳಿಗೆ ಸಿಕ್ಕಿ 15 ಸ್ಪರ್ಧಿಗಳು ಸತ್ತ ಮೇಲೆ ಡೊನಾಲ್ಡ್ ಜೋರ್ಡಾನ್ ಎಂಬ ಅಮೆರಿಕದ ವಿಮಾನ ಎಂಜಿನಿಯರ್ ಒಂದೇ ಹಗ್ಗಕ್ಕೆ ಸಾಲಾಗಿ ಪುಟ್ಟ ಶಂಕುಗಳನ್ನು ಪೋಣಿಸಿದ. ಅದು ಹಾಯಿದೋಣಿಗಳ ಲೋಕದಲ್ಲಿ ದೊಡ್ಡ ಹೆಸರು. ಅಷ್ಟು ಉದ್ದದ ಸಾಮಾನು ಇಡಲು ನನ್ನ ದೋಣಿಯಲ್ಲಿ ಜಾಗವೂ ಇಲ್ಲ, ಹೊಲಿಯುವ ತಾಳ್ಮೆಯೂ ನನಗಿಲ್ಲ. ಒಂದೇ ದೊಡ್ಡ ಶಂಕು ಸಾಕೆಂದುಕೊಂಡೆ.

ಲಾರಿಯ ಹಳೇ ಟಾರ್ಪಾಲಿನಲ್ಲಿ 60 ಸೆಂಟಿಮೀಟರ್ ಬಾಯಿಯ ಶಂಕು ಹೊಲಿಸಿದೆ. ತುದಿ ಪೂರ್ತಿ ಮುಚ್ಚಿದ್ದು ಮೊದಲ ತಪ್ಪು. ನೀರು ಹೊರಹೋಗಲು ದಾರಿಯಿಲ್ಲದೆ ಅದು ಗಾಳಕ್ಕೆ ಬಿದ್ದ ಮೀನಿನ ಹಾಗೆ ಎಡಕ್ಕೂ ಬಲಕ್ಕೂ ಎಳೆದಾಡಿತು. ತುದಿಯಲ್ಲಿ ತೂತು ಬೇಕು. ನಾಲ್ಕು ಅಳತೆ ಪ್ರಯತ್ನಿಸಿದೆ, ಮೂರು ಶಂಕು ಹಾಳಾದವು. ನಾಲ್ಕನೆಯ ಅಳತೆ ಯಾವುದು ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಒಂದು ಇಡೀ ಬೇಸಿಗೆ ಕಳೆದಿದ್ದೇನೆ.

ಎರಡನೇ ತಪ್ಪು ದುಬಾರಿಯಾಯಿತು. ಈ ಅಳತೆಯ ಶಂಕು 6 ನಾಟ್‌ನಲ್ಲಿ ಸುಮಾರು 150 ಕೆಜಿ ಎಳೆಯುತ್ತದೆ. ಅಲೆ ದೂಡಿ ವೇಗ 12 ನಾಟ್ ಮುಟ್ಟಿದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 600 ಕೆಜಿ. ಈ ಲೆಕ್ಕ ಮಾಡಿದ್ದು ಕ್ಲೀಟು ಬುಡಸಮೇತ ಎದ್ದು ಬಂದ ಮೇಲೆ. ಕೆಳಗಿನ ಪ್ಲೈವುಡ್ ಯಾವಾಗಲೋ ಕೊಳೆತಿತ್ತು. ಅದನ್ನು ತೆಗೆಸಿ, ಹಿಂದೆ ಸ್ಟೀಲ್ ಪ್ಲೇಟ್ ಕೊಟ್ಟು, ಬೋಲ್ಟ್ ಹಾಕಿಸಿ, ಅದೇ ಕೈಯಲ್ಲಿ ಇಂಜಿನ್ ಕೂರುವ ಹಿಂಬದಿಗೆ ನಾಲ್ಕು ಇಂಚಿನ ಅಡ್ಡಹಲಗೆಯನ್ನೂ ಕೂರಿಸಿದೆ. ಇಷ್ಟಕ್ಕೇ ಎರಡು ಹೊಸ ಪ್ರೊಪೆಲ್ಲರಿನ ದುಡ್ಡು ಹೋಯಿತು. ಶಂಕುವಿಗೆ ಆದದ್ದು ಅರ್ಧ ಪ್ರೊಪೆಲ್ಲರಿನಷ್ಟು ಮಾತ್ರ. ಆ ಹಲಗೆ ಇಲ್ಲದೆ ಬಾಲ ಕಟ್ಟಲೇಬೇಡಿ. ವೇಗ ತಗ್ಗಿಸಿಕೊಂಡ ದೋಣಿಯ ಹಿಂಬದಿಗೆ ಅಲೆ ಬಂದು ಬಡಿಯದೆ ಇರುವುದಿಲ್ಲ.

ಹಗ್ಗದ ಕಥೆ ಬೇರೆ. ಪಾಲಿಪ್ರೊಪಿಲೀನ್ ತೇಲುತ್ತದೆ, ಪ್ರೊಪೆಲ್ಲರಿಗೆ ಸಿಗುವುದಿಲ್ಲ ಅಂತ ಅದನ್ನೇ ತಂದೆ. ಒಂದು ವರ್ಷ ಬಿಸಿಲಿಗೆ ಬಿದ್ದದ್ದೇ ತಡ, ಪುಡಿ ಉದುರಿ ತುಂಡಾಯಿತು. ನೈಲಾನ್ ಗಟ್ಟಿ, ಜಗ್ಗುತ್ತದೆ, ಆದರೆ ಮುಳುಗುತ್ತದೆ. ಒಮ್ಮೆ ಮರೆತು ರಿವರ್ಸ್ ಹಾಕಿದೆ, ಸುತ್ತಿಕೊಂಡಿತು. ಬಿಡಿಸಲು ಒಂದು ಗಂಟೆ. ಈಗಲೂ ನೈಲಾನೇ, 12 ಮಿಲಿಮೀಟರಿನದು, 40 ಮೀಟರ್. ಬಾಲ ನೀರಲ್ಲಿದ್ದಾಗ ರಿವರ್ಸ್ ಮುಟ್ಟುವುದಿಲ್ಲ. ಎರಡೂ ಮೂಲೆಯ ಕ್ಲೀಟಿನಿಂದ ಕವಲು ಹಗ್ಗ ತಂದು ಇಂಜಿನಿನ ಹಿಂದೆ ಸೇರಿಸುತ್ತೇನೆ, ಎಳೆತ ನಡುವಿಗೇ ಬೀಳುತ್ತದೆ. ಶಂಕುವಿನ ಬಾಯಿಯ ಹತ್ತಿರ ಎರಡು ಮೀಟರ್ ಸರಪಳಿ ಕಟ್ಟಿದ್ದೇನೆ, ಇಲ್ಲದಿದ್ದರೆ ಅದು ನೀರಿನ ಮೇಲೆ ಕುಣಿಯುತ್ತದೆ.

ನಡುವೆ ಎಣ್ಣೆಯ ಹುಚ್ಚೂ ಹಿಡಿದಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಒಂದು ಚಮಚ ಎಣ್ಣೆಯಿಂದ ಕೊಳದ ತೆರೆ ಅಡಗಿಸಿದ್ದನ್ನು ಓದಿ ನಾನೂ ಕೆರೆಯಲ್ಲಿ ಒಂದು ಚಮಚ ಬಿಟ್ಟೆ. ನಿಜವಾಗಿಯೂ ನೀರು ಕನ್ನಡಿಯಾಯಿತು. ಆದರೆ ಅಲ್ಲಿದ್ದದ್ದು ಬೆರಳುದ್ದದ ತೆರೆ. ಕಡಲಿಗೆ ಎಣ್ಣೆ ಸುರಿಯುವ ಕೆಲಸ ನಮ್ಮದಲ್ಲ ಅಂತ ಅಲ್ಲಿಗೇ ಬಿಟ್ಟೆ.

ಇನ್ನು ಆ ದಿನ. ಹೊರಡುವಾಗ ಮುನ್ಸೂಚನೆ 10–12 ನಾಟ್ ಗಾಳಿ ಅಂದಿತ್ತು. ಎಂಟೊಂಬತ್ತು ಮೈಲು ಹೊರಗಿದ್ದಾಗ ಕಡಲಿನ ಕಡೆಯಿಂದ ಗಾಳಿ ಎದ್ದಿತು. ಅರ್ಧ ಗಂಟೆಯೊಳಗೆ ಕಣ್ಣು ಹಾಯಿಸಿದಲ್ಲೆಲ್ಲ ಬಿಳಿ ನೊರೆ. ನನ್ನ ಅಂದಾಜಿಗೆ 22ರ ಮೇಲೆ. ಅಲೆ ಒಂದೂವರೆ ಮೀಟರ್, ಎಣಿಸಿದರೆ ನಾಲ್ಕೂವರೆ ಸೆಕೆಂಡು. ನಾಲ್ಕೂವರೆಗೆ ಹದಿಮೂರೂವರೆ ನಾಟ್, ಅದೇ ಹಾಳು ವೇಗ. ಲೈಫ್ ಜಾಕೆಟ್ ಬಿಗಿದು, ನಾನು ಬಿದ್ದರೆ ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಕಾಲಿಗೆ ಸುತ್ತಿ, ಲಂಗರನ್ನೂ ನೀರಿನ ಕ್ಯಾನನ್ನೂ ಮೂತಿಯಿಂದ ನಡುವಿಗೆ ತಂದು, ಇಂಜಿನ್ ಸ್ವಲ್ಪ ಹೊರಕ್ಕೆ ಟ್ರಿಮ್ ಮಾಡಿದೆ.

ಭಾವ ಹಿಂದೆ ತಿರುಗಿ ನೋಡುತ್ತಾ ಕೂತಿದ್ದರು. ಒಂದು ಅಲೆ ಹಿಂಬದಿಯನ್ನು ಎತ್ತಿ ಪಕ್ಕಕ್ಕೆ ಹೊರಳಿಸಿತು.

"ಏ, ಆ ಬಾಲ ಎಲ್ಲಿಟ್ಟಿದ್ದೀಯ?"

"ನಿಮ್ಮ ಸೀಟಿನ ಕೆಳಗೇ ಇದೆ ಭಾವ."

ಅವರೇ ಬಿಟ್ಟರು. ಹಗ್ಗ ಬಿಗಿಯಾದ ಕೂಡಲೇ ದೋಣಿಯ ಜುಟ್ಟು ಯಾರೋ ಹಿಡಿದುಕೊಂಡ ಹಾಗಾಯಿತು. ವೇಗ 5 ನಾಟ್‌ಗೆ ನಿಂತಿತು. ಅಲೆ ಬರುತ್ತದೆ, ಎತ್ತುತ್ತದೆ, ಕೆಳಗಿನಿಂದ ಹಾದುಹೋಗುತ್ತದೆ. ದೋಣಿ ನೇರವಾಗಿಯೇ ಇರುತ್ತದೆ. ಎರಡು ಸಲ ಹಲಗೆ ಹಾರಿ ನೀರು ಬಂತು, ಭಾವ ಎತ್ತಿ ಚೆಲ್ಲಿದರು. ಮಧ್ಯದಲ್ಲಿ ಇಂಜಿನ್ ಒಮ್ಮೆ ಕೆಮ್ಮಿತು. ಅರ್ಧ ಖಾಲಿ ಟ್ಯಾಂಕು ಕಲಕಿದರೆ ತಳದ ಕಸವೆಲ್ಲ ಫಿಲ್ಟರಿಗೆ ಬರುತ್ತದೆ. ಫಿಲ್ಟರ್ ಬದಲಿಸಲು ನಾಲ್ಕೈದು ನಿಮಿಷ ಇಂಜಿನ್ ನಿಲ್ಲಿಸಿದೆ. ಆಗಲೂ ಬಾಲ ಹಿಂಬದಿಯನ್ನು ಅಲೆಗೇ ಹಿಡಿದಿಟ್ಟಿತ್ತು. ನನಗೆ ಪೂರ್ತಿ ನಂಬಿಕೆ ಬಂದದ್ದು ಆ ನಾಲ್ಕೈದು ನಿಮಿಷದಲ್ಲಿ.

ಅಳಿವೆಯ ಬಾಯಿಗೆ ಬಂದಾಗ ಇನ್ನೂ ಇಳಿತ. ಹೊರಹೋಗುವ ನೀರು, ಒಳಬರುವ ಗಾಳಿ. ಮರಳು ದಿಬ್ಬದ ಮೇಲೆ ಎರಡು ಮೀಟರ್ ಆಳ. ಎತ್ತರದ ಒಂದೂಕಾಲು, ಒಂದೂವರೆ ಪಟ್ಟು ಆಳ ಸಿಕ್ಕಿದಲ್ಲಿ ಅಲೆ ಒಡೆಯುತ್ತದೆ, ಅಂದರೆ ಸರಿಯಾಗಿ ಅಲ್ಲೇ. ಭಾವನಿಗೆ ಮನೆ ಕಾಣುತ್ತಿದ್ದರಿಂದ ಅವಸರ. ನಾನು ಒಪ್ಪಲಿಲ್ಲ. ಬಾಲ ಎಳೆದುಕೊಂಡೆ: ಅಲೆ ದಾಟಿ ಹಗ್ಗ ಸಡಿಲವಾದಾಗ ಎರಡು ಮೊಳ ಎಳೆದು ಕ್ಲೀಟಿಗೆ ಸುತ್ತುವುದು, ಮತ್ತೆ ಕಾಯುವುದು. ಹೀಗೆ ಹತ್ತು ನಿಮಿಷ. ಆಮೇಲೆ ಮೂತಿ ಗಾಳಿಗೆ ಕೊಟ್ಟು ಎರಡು ನಾಟ್‌ನಲ್ಲಿ ಸುಮಾರು ಎರಡು ಗಂಟೆ ಹೊರಗೇ ಕಾದೆವು. ಪೆಟ್ರೋಲು ಆರೇಳು ಲೀಟರ್ ಸುಟ್ಟಿತು. ಭರತ ಶುರುವಾಗಿ ನೀರು ಒಳಮುಖವಾದಾಗ ಬಾಯಿಯಲ್ಲಿ ಅಲೆಯ ಕಡಿದಾದ ಏರು ತಗ್ಗಿತು. ಬಾಲ ಮತ್ತೆ ಬಿಟ್ಟು, ದೊಡ್ಡ ಅಲೆಗಳ ಒಂದು ಗುಂಪು ಹೋಗಲು ಬಿಟ್ಟು, ಅದರ ಹಿಂದೆಯೇ ಹೊರಟೆ. ಒಳಗೆ ಸೇರಲು ಆರು ನಿಮಿಷವೂ ಆಗಲಿಲ್ಲ.

ನಕ್ಕವರಲ್ಲಿ ಇಬ್ಬರು ಆಮೇಲೆ ಬಂದು ಹಗ್ಗದ ಉದ್ದ ಅಳೆದುಕೊಂಡು ಹೋದರು. ಭಾವ ತಮ್ಮ ದೋಣಿಗೂ ಒಂದು ಹೊಲಿಸುತ್ತಿದ್ದಾರೆ. ಟಾರ್ಪಾಲು ಕತ್ತರಿಸಿ ಆಗಿದೆ, ತೂತಿನ ಅಳತೆಗೆ ದಿನಕ್ಕೆರಡು ಸಲ ಫೋನ್ ಮಾಡುತ್ತಾರೆ. ನಾನಿನ್ನೂ ಹೇಳಿಲ್ಲ.