ಕೋಸ್ಟರಿಕಾದಲ್ಲಿ ಬಸ್ಸು, ಬೀನ್ಸು, ಬೆಲ್ಲದ ನೀರು

ನಾನು, ನನ್ನಾಕೆ ಮಧ್ಯ ಅಮೆರಿಕದ ಕೋಸ್ಟರಿಕಾಗೆ ಹೋಗಿದ್ದು ಅಕ್ಟೋಬರಿನಲ್ಲಿ. ಜೋರು ಮಳೆಗಾಲ, ಹೋಗಬೇಡಿ ಅಂದವರೇ ಹೆಚ್ಚು. ಆ ಮಾತು ಪೆಸಿಫಿಕ್ ಕಡೆಗೆ ಸರಿ. ಕೆರಿಬಿಯನ್ ಕರಾವಳಿಯ ಲೆಕ್ಕ ಬೇರೆ, ಅಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಮಳೆ ಕಡಿಮೆ. ಅದಕ್ಕೇ ಎಲ್ಲರೂ ಹೋಗುವ, ಪೆಸಿಫಿಕ್ ತೀರದ ಮಾನ್ವೆಲ್ ಅಂತೋನಿಯೊ ಬಿಟ್ಟು ಪೂರ್ವದ ಕವೀತಾಗೆ ಹೊರಟೆವು.

ಪ್ರವಾಸಿಗರಿಗೆಂದೇ ಶಟಲ್ ವ್ಯಾನುಗಳಿವೆ, ಡಾಲರಿನಲ್ಲಿ ದುಡ್ಡು ಕೀಳುತ್ತವೆ. ನಾವು ಊರವರ ಬಸ್ಸನ್ನೇ ಹಿಡಿದೆವು. ರಾಜಧಾನಿ ಸಾನ್ ಹೊಸೆಯಲ್ಲಿ ನಮ್ಮ ಮೆಜೆಸ್ಟಿಕ್ಕಿನ ಹಾಗೆ ಎಲ್ಲ ಬಸ್ಸುಗಳೂ ಒಂದೇ ಕಡೆ ಸಿಗುವುದಿಲ್ಲ. ದಿಕ್ಕಿಗೊಂದು, ಕಂಪನಿಗೊಂದು ನಿಲ್ದಾಣ. ಹಿಂದಿನ ದಿನವೇ ಹೋಗಿ ನೋಡಿಕೊಂಡು ಬರುವುದು ಒಳ್ಳೆಯದು. ನಗರದ ಬಸ್ಸುಗಳಲ್ಲಿ ಕಂಡಕ್ಟರ್ ಇಲ್ಲ, ಚಾಲಕನ ಕೈಗೇ ಕಾಸು. ಕೆಲವು ಬಸ್ಸುಗಳ ಬಾಗಿಲಲ್ಲಿ ಹತ್ತಿದ ತಲೆ ಎಣಿಸುವ ಎರಡು ಕಂಬಗಳಿರುತ್ತವೆ. ಅವುಗಳ ಮಧ್ಯೆ ನಿಂತು ಪರ್ಸು ತಡಕಾಡಿದರೆ ಎಣಿಕೆ ತಪ್ಪಿ ಚಾಲಕನಿಗೆ ತಲೆನೋವು. ಚಿಲ್ಲರೆ ಮೊದಲೇ ಮುಷ್ಟಿಯಲ್ಲಿರಲಿ.

ಕರಾವಳಿಗೆ ಇಳಿಯುವ 32ನೇ ಹೆದ್ದಾರಿ ಬ್ರೌಲಿಯೊ ಕರಿಯೊ ಅರಣ್ಯದೊಳಗೆ ಸಾಗುತ್ತದೆ. ಶಿರಾಡಿ ಘಾಟಿ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ: ಮಂಜು, ಸಾಲು ಲಾರಿ, ಮಳೆ ಹಿಡಿದರೆ ಗುಡ್ಡ ಕುಸಿದು ರಸ್ತೆ ಬಂದ್. ಹಾಗಾಗಿ ವಾಪಸು ವಿಮಾನ ಹತ್ತುವ ದಿನವೇ ಈ ದಾರಿಯಲ್ಲಿ ಬರುವ ಯೋಜನೆ ಹಾಕಿಕೊಳ್ಳಲಿಲ್ಲ.

ವಿಳಾಸ ಕೇಳಿದರೆ ಬೀದಿಯ ಹೆಸರು ಬರುವುದು ಕಡಿಮೆ. ‘ಚರ್ಚಿನಿಂದ 200 ಮೀಟರ್ ಉತ್ತರ, 50 ಪೂರ್ವ’ ಅನ್ನುತ್ತಾರೆ. 100 ಮೀಟರ್ ಅಂದರೆ ಒಂದು ಅಡ್ಡರಸ್ತೆಯಿಂದ ಮುಂದಿನದಕ್ಕೆ, ಟೇಪು ಹಿಡಿಯಬೇಡಿ. ರಾಜಧಾನಿಯ ಪಕ್ಕದ ಸಾನ್ ಪೆದ್ರೊದಲ್ಲಿ ಎಂದೋ ಹೋದ ಹಳೆಯ ಅತ್ತಿಮರವೊಂದು ಇವತ್ತಿಗೂ ಗುರುತು! ದಿಕ್ಸೂಚಿ ಇರುವ ಫೋನು ಇಲ್ಲಿ ನಿಜವಾಗಿ ಕೆಲಸಕ್ಕೆ ಬಂತು.

ಊಟದ ವಿಷಯ. ನಾವಿಬ್ಬರೂ ಸಸ್ಯಾಹಾರಿಗಳು. ಸೋಡಾ ಅನ್ನುವ ಸಣ್ಣ ಹೋಟೆಲುಗಳೇ ನಮ್ಮನ್ನು ಸಾಕಿದವು. ಬೆಳಿಗ್ಗೆ ಅನ್ನ, ಕರಿ ಬೀನ್ಸು ಕಲಸಿ ಹುರಿದ ಗಾಯೊ ಪಿಂತೊ. ಮಧ್ಯಾಹ್ನ ಕಸಾದೊ, ಅಂದರೆ ಅನ್ನ, ಬೀನ್ಸು, ಸಲಾಡು, ಕರಿದ ಬಾಳೆಹಣ್ಣಿನ ತಟ್ಟೆ. ‘ಸಿನ್ ಕಾರ್ನೆ’ (ಮಾಂಸ ಬೇಡ) ಎಂದಷ್ಟೇ ಹೇಳಿದರೆ ಸಾಲದು, ಕೋಳಿಯೋ ಮೀನೋ ಬರಬಹುದು. ‘ಸಿನ್ ಪೊಯೊ, ಸಿನ್ ಪೆಸ್ಕಾದೊ’ ಕೂಡ ಸೇರಿಸುತ್ತಿದ್ದೆವು. ಬೀನ್ಸಿಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ‘ಮಾಂತೆಕಾ?’ ಎಂದು ಕೇಳುವುದನ್ನೂ ಬಿಡಲಿಲ್ಲ. ಮಾಂಸದ ಬದಲು ಪಿಕದಿಯೊ ಕೇಳಿ: ಸೀಮೆಬದನೆಯದ್ದಾದರೆ ನಮ್ಮ ಪಲ್ಯವೇ, ಒಗ್ಗರಣೆಯೊಂದಿಲ್ಲ. ಮೇಲೆ ಲಿಸಾನೊ ಸಾಸು ಸುರಿದರೆ ಜೀರಿಗೆಯ ಘಮ ಸಿಗುತ್ತದೆ. ಕಾಫಿ ಬೇಡವೆನಿಸಿದ ಸಂಜೆ ಆಗ್ವಾ ದುಲ್ಸೆ, ಬಿಸಿನೀರಿಗೆ ಕಬ್ಬಿನ ಬೆಲ್ಲ ಕರಗಿಸಿದ್ದು. ನನ್ನಾಕೆ ಶುಂಠಿ ಇದೆಯಾ ಎಂದು ಅಡುಗೆಯಾಕೆಯನ್ನು ಕೇಳಿಯೇಬಿಟ್ಟಳು, ಸಿಕ್ಕಿತು ಕೂಡ.

ಕವೀತಾ ತಲುಪಿದರೆ ಅಡುಗೆಯೇ ಬದಲು. ಸಾನ್ ಹೊಸೆಯಿಂದ ಇದೇ ಕರಾವಳಿಯ ಲಿಮೊನ್ ಬಂದರಿಗೆ 1890ರಲ್ಲಿ ಮುಗಿದ ರೈಲುಹಾದಿಯ ಕೆಲಸಕ್ಕೆ ಜಮೈಕಾದಿಂದ ಬಹಳ ಜನ ಬಂದಿದ್ದರು. ಅವರ ಸಂತತಿಯ ಮನೆಗಳಲ್ಲಿ ಅನ್ನ, ಬೀನ್ಸು ತೆಂಗಿನ ಹಾಲಿನಲ್ಲಿ ಬೇಯುತ್ತವೆ. ಇಡೀ ಪ್ರವಾಸದ ಒಳ್ಳೆಯ ಊಟ ಇದೇ. ಸ್ಪ್ಯಾನಿಷ್ ಬಾರದ ನಮಗೆ ಇಲ್ಲಿ ಇಂಗ್ಲಿಷ್ ನಡೆಯಿತು.

ರಾಷ್ಟ್ರೀಯ ಉದ್ಯಾನಕ್ಕೆ ಊರ ಪಕ್ಕದ ಕೆಲಿ ಕ್ರೀಕ್ ಬಾಗಿಲಿನಿಂದ ಹೋದೆವು. ಅಲ್ಲಿ ನಿಗದಿತ ಟಿಕೆಟಿಲ್ಲ, ಇಷ್ಟಬಂದಷ್ಟು ಕಾಣಿಕೆ. ಒಳಗೆ ಚೀಲದ ಜಿಪ್ಪು ಹಾಕಿಟ್ಟಿರಿ, ಬಿಳಿಮೊಗದ ಕೋತಿಗಳೂ ರಕೂನುಗಳೂ ಬಿಸ್ಕತ್ತಿನ ವಾಸನೆ ಹಿಡಿದೇ ಬರುತ್ತವೆ. ಮರದಲ್ಲೇ ಬದುಕುವ ನಿಧಾನದ ಪ್ರಾಣಿ ಸ್ಲಾತ್ ನೋಡಲು ಮಾತ್ರ ಗೈಡಿಗೆ ದುಡ್ಡು ಕೊಟ್ಟಿದ್ದು ಸಾರ್ಥಕ; ಎಲೆಯ ಮರೆಯಲ್ಲಿ ಅಲುಗಾಡದೆ ಕೂತ ಆ ಕೂದಲಿನ ಮುದ್ದೆ ಟೆಲಿಸ್ಕೋಪಿಲ್ಲದ ಕಣ್ಣಿಗೆ ಕಾಣುವುದು ಕಷ್ಟ.