ಬಿಸಿಲ ಸೀಮೆಯ ಹಿತ್ತಲಲ್ಲಿ ಕಬ್ಬಿಣದ ಕೆಲಸ

ಹವ್ಯಾಸಕ್ಕೆಂದು ಹಿತ್ತಲಲ್ಲಿ ಒಂದು ವೈಸು, ಒಂದು ಗ್ರೈಂಡರು, ಒಂದು ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮಷಿನ್ ಇಟ್ಟುಕೊಂಡವರು ಕೆಲಸ ಕೆಟ್ಟಾಗ ಮೊದಲು ಬೈಯುವುದು ಮಷಿನ್ನನ್ನು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮಷಿನ್ನಿಗಿಂತ ಹೆಚ್ಚು ಕಾಟ ಕೊಡುವವು ಎರೆ ನೆಲ, ಧೂಳು, ಬಿಸಿಲು, ಕರೆಂಟು. ಹೊಸ ಮಷಿನ್‌ಗೆ ದುಡ್ಡು ಸುರಿಯುವ ಮುಂಚೆ ಈ ನಾಲ್ಕರ ಕಡೆ ಕಣ್ಣು ಹಾಯಿಸಿ.

ಮೊದಲು ಅರ್ಥಿಂಗ್. ಎರೆ ಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಆ ಬಿರುಕು ಅರ್ಥಿಂಗ್ ಪೈಪಿನ ಸುತ್ತ ಬಿತ್ತೆಂದರೆ ಪೈಪು ಮಣ್ಣಿನ ಹಿಡಿತ ಬಿಟ್ಟು ಸುಮ್ಮನೆ ನಿಂತಿರುತ್ತದೆ. ಆಗಸ್ಟ್‌ನಲ್ಲಿ ಸರಿಯಿದ್ದ ಅರ್ಥಿಂಗ್ ಏಪ್ರಿಲ್‌ನಲ್ಲಿ ಇಲ್ಲವಾಗುವುದು ಹೀಗೆ. ಪಿಲ್ಲರ್ ಡ್ರಿಲ್ಲಿನ ಮೈಗೆ ಅಂಗೈ ಹಿಂಭಾಗ ತಾಗಿದಾಗ ಚುರುಗುಟ್ಟಿದರೆ ಅಲ್ಲಿಗೇ ಕೆಲಸ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಅರ್ಥಿಂಗ್ ಗುಂಡಿಗೆ ವಾರಕ್ಕೆರಡು ಸಲ ಎರಡು ಕೊಡ ನೀರು ಬೀಳಬೇಕು. ಇದ್ದಿಲು, ಉಪ್ಪು ತುಂಬುವುದು ಹಳೇ ಪದ್ಧತಿ. ಕೆಲಸ ಮಾಡುತ್ತದೆ, ಆದರೆ ಉಪ್ಪು ಜಿಐ ಪೈಪನ್ನು (ಸತು ಲೇಪಿಸಿದ ಕಬ್ಬಿಣದ ಪೈಪು) ತಿನ್ನುತ್ತದೆ. ಹೊಸದಾಗಿ ಹಾಕಿಸುವವರು ಬೆಂಟೊನೈಟ್ ಪುಡಿ (ತೇವ ಹಿಡಿದಿಡುವ ಒಂದು ಬಗೆಯ ಜೇಡಿಮಣ್ಣು) ತುಂಬಿಸುವುದು ಒಳ್ಳೆಯದು. ನಳದ ಪೈಪಿಗೋ ಬೋರ್‌ವೆಲ್ ಕೇಸಿಂಗಿಗೋ ತಂತಿ ಸುತ್ತಿ ಅದನ್ನೇ ಅರ್ಥ್ ಅಂದುಕೊಳ್ಳಬೇಡಿ. ಮಷಿನ್ನಿನಲ್ಲಿ ಲೀಕ್ ಆದ ಕರೆಂಟು ಬಚ್ಚಲಲ್ಲಿ ಸ್ನಾನ ಮಾಡುವವರ ಕೈಗೆ ಹೋಗುತ್ತದೆ. ಶೆಡ್ಡಿನ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಲೀಕ್ ಆದೊಡನೆ ತಾನೇ ಬೀಳುವ ಸ್ವಿಚ್ಚು) ಇರಲೇಬೇಕು. ಅದರ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಬದಲಿಸಿ.

ಇದೇ ನೆಲ ಸಣ್ಣ ಲೇಥ್ (ಸರಳನ್ನು ತಿರುಗಿಸಿ ಕೆತ್ತುವ ಯಂತ್ರ) ಇಟ್ಟವರಿಗೂ ತೊಂದರೆ ಕೊಡುತ್ತದೆ. ನೆಲ ಎದ್ದು ಕೂತಂತೆಲ್ಲ ಸ್ಟ್ಯಾಂಡು ತಿರುಚಿ, ಬೆಡ್ಡೂ ಕೂದಲೆಳೆಯಷ್ಟು ತಿರುಚುತ್ತದೆ. ಆಮೇಲೆ ತಿರುಗಿಸಿದ ಸರಳು ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ತೆಳ್ಳಗೆ ಬರುತ್ತದೆ. ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ಎತ್ತರ ಬದಲಿಸುವ ಬೋಲ್ಟು ಹಾಕಿಸಿ. ಮಳೆಗೆ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ ಲೆವೆಲ್ ನೋಡಿ.

ಕರೆಂಟಿನ ವಿಷಯಕ್ಕೆ ಬಂದರೆ, ವೆಲ್ಡಿಂಗ್ ರಾಡು ಅಂಟುತ್ತದೆ, ಆರ್ಕ್ (ರಾಡಿನ ತುದಿಯ ಉರಿ) ನಿಲ್ಲುವುದಿಲ್ಲ ಎಂದು ಆಂಪಿಯರ್ ಏರಿಸುತ್ತಾ ಹೋಗುವವರು ಮೊದಲು ಎಕ್ಸ್‌ಟೆನ್ಷನ್ ತಂತಿಯ ದಪ್ಪ ನೋಡಲಿ. 2.5 ಮಿ.ಮೀ. ರಾಡಿನಲ್ಲಿ 80 ಆಂಪಿಯರಿಗೆ ಬೆಸೆಯುವಾಗ ಮಷಿನ್ ಗೋಡೆಯಿಂದ ಹತ್ತಿರಹತ್ತಿರ 15 ಆಂಪಿಯರ್ ಎಳೆಯುತ್ತದೆ. ಇಪ್ಪತ್ತು ಮೀಟರ್ ಉದ್ದದ 1 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಅಷ್ಟು ಹರಿದರೆ ಸುಮಾರು 11 ವೋಲ್ಟು ದಾರಿಯಲ್ಲೇ ಸೋರಿಹೋಗುತ್ತದೆ, 2.5 ಚದರ ಮಿ.ಮೀ. ತಂತಿಯಲ್ಲಿ ನಾಲ್ಕೈದು ವೋಲ್ಟು ಮಾತ್ರ. ಬೇಸಿಗೆಯ ಸಂಜೆ ಊರಿನ ಕೂಲರುಗಳೆಲ್ಲ ತಿರುಗುವಾಗ ವೋಲ್ಟೇಜು ಹೇಗೂ ಕೆಳಗಿರುತ್ತದೆ; ಅದರ ಮೇಲೆ ಇನ್ನೊಂದು ಹನ್ನೊಂದು ಹೋದರೆ ಆರ್ಕ್ ಎಲ್ಲಿಂದ ನಿಲ್ಲಬೇಕು? ಸುರುಳಿ ಸುತ್ತಿದ ತಂತಿಯನ್ನು ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿದಂತೆಯೇ ಬಿಟ್ಟರೆ ಒಳಗಿನ ಸುತ್ತುಗಳ ಕಾವು ಹೊರಬೀಳಲು ಜಾಗವಿಲ್ಲದೆ ಪ್ಲಾಸ್ಟಿಕ್ ಕರಗುತ್ತದೆ.

ತಂತಿ ಸರಿಯಿದ್ದೂ ರಾಡು ಅಂಟಿದರೆ ಅರ್ಥ್ ಕ್ಲಾಂಪು ನೋಡಿ. ಬಣ್ಣದ ಮೇಲೆ, ಜಂಗಿನ ಮೇಲೆ ಕಚ್ಚಿಸಿದ ಕ್ಲಾಂಪು ಕರೆಂಟು ಬಿಡುವುದಿಲ್ಲ. ಐದು ನಿಮಿಷದ ಕೆಲಸದ ನಂತರ ಕ್ಲಾಂಪು ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ತಪ್ಪು ಅಲ್ಲೇ ಇದೆ. ಗ್ರೈಂಡರಿನಿಂದ ರೂಪಾಯಿ ನಾಣ್ಯದಷ್ಟು ಜಾಗ ಹೊಳೆಯುವಂತೆ ಉಜ್ಜಿ, ಬೆಸುಗೆಗೆ ಹತ್ತಿರವೇ ಕಚ್ಚಿಸಿ. 1.6 ಮಿ.ಮೀ. ದಪ್ಪದ ಚದರ ಪೈಪು ತೂತು ಬೀಳುತ್ತಿದ್ದರೆ ಹೋಲ್ಡರ್ ತಂತಿಯನ್ನು ಮೈನಸ್‌ಗೆ ಹಾಕಿ, 2.5 ರಾಡಿಗೆ 55ರಿಂದ 65 ಆಂಪಿಯರ್ ಇಟ್ಟು, ಎಳೆಯುವ ಬದಲು ಚುಕ್ಕೆ ಚುಕ್ಕೆಯಾಗಿ ಬೆಸೆಯಿರಿ. ಬೆಸುಗೆಯಲ್ಲಿ ಸೂಜಿ ತೂತು, ಚಟಪಟ ಸಿಡಿತ ಹೆಚ್ಚಾದರೆ ರಾಡು ತೇವ ಕುಡಿದಿದೆ. 6013 ನಂಬರಿನ ರಾಡನ್ನು 100 ಡಿಗ್ರಿ ಆಸುಪಾಸಿನಲ್ಲಿ ಒಂದು ಗಂಟೆ ಕಾಯಿಸಿದರೆ ಸಾಕು. ಹೆಚ್ಚು ಕಾಯಿಸಿದರೆ ಅದರ ಲೇಪನವೇ ಕೆಡುತ್ತದೆ. 7018 ನಂಬರಿನ ರಾಡಿಗೆ 300ರಿಂದ 350 ಡಿಗ್ರಿ ಬೇಕು. ತಗಡಿನ ಮೇಲೆ ಬಿಸಿಲಿಗಿಟ್ಟರೆ ಒಣಗುತ್ತದೆ ಅನ್ನುವವರಿದ್ದಾರೆ. ನಮ್ಮ ಬಿಸಿಲಿಗೂ ಅಷ್ಟು ತಾಕತ್ತಿಲ್ಲ.

ಇನ್ನು ಧೂಳು. ಗ್ರೈಂಡರ್ ಉದುರಿಸುವ ಕಬ್ಬಿಣದ ಪುಡಿ ಕರೆಂಟು ಹರಿಸುವಂಥದ್ದು. ವೆಲ್ಡಿಂಗ್ ಮಷಿನ್ನಿನ ಫ್ಯಾನು ಅದನ್ನು ಒಳಗೆ ಎಳೆದು ಬೋರ್ಡಿನ ಮೇಲೆ ಹರಡಿದರೆ ಒಂದು ದಿನ ಟಪ್ ಎಂದು ಮಷಿನ್ ಸಾಯುತ್ತದೆ; ರಿಪೇರಿಯವರು ವೋಲ್ಟೇಜು ಏರಿತ್ತು ಅನ್ನುತ್ತಾರೆ. ಎರಡಕ್ಕೂ ಹತ್ತಡಿ ಅಂತರವಿರಲಿ. ಗಾಳಿ ವೆಲ್ಡಿಂಗ್ ಮಷಿನ್ ಕಡೆಯಿಂದ ಗ್ರೈಂಡರಿನ ಕಡೆಗೆ ಬೀಸುವಂತೆ ಇಡಿ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು, ಹೊರಗಿನಿಂದಲೇ ಬ್ಲೋವರ್ ಹಿಡಿಯಿರಿ. ಮೂಗಿಗೆ ಮಾಸ್ಕು ಮರೆಯಬೇಡಿ.

ಸಂಡೂರು, ತೋರಣಗಲ್ಲು ಕಡೆಯ ಅದಿರು ಲಾರಿ ಓಡಾಡುವ ರಸ್ತೆಯ ಮಗ್ಗುಲಿಗೆ ಮನೆಯಿದ್ದವರಿಗೆ ಕೆಂಧೂಳಿನದು ಬೇರೆಯೇ ಗೋಳು. ಜಂಗು ಹಿಡಿಯದಿರಲೆಂದು ಬಳಿದ ಎಣ್ಣೆಗೆ ಆ ಧೂಳು ಕೂಡಿ ಉಜ್ಜುವ ಪೇಸ್ಟೇ ತಯಾರಾಗುತ್ತದೆ. ಅಂಥಲ್ಲಿ ವೈಸಿನ ತಿರುಪಿಗೆ ಗ್ರೀಸು ಬೇಡ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಗ್ರಾಫೈಟ್ ಪುಡಿ ಹಚ್ಚಿ. ಲೇಥಿನ ಜಾರುಪಟ್ಟಿಗೆ ಎಣ್ಣೆ ಬೇಕೇ ಬೇಕು. ಆದರೆ ಕೆಲಸಕ್ಕೆ ಮುಂಚೆ ಹಳೆಯದನ್ನು ಒರೆಸಿ ಹೊಸದು ಹಚ್ಚಬೇಕು, ಮುಗಿದ ಮೇಲೆ ಬಟ್ಟೆ ಹೊದಿಸಬೇಕು.

ಎಣ್ಣೆಯಲ್ಲೂ ಜಾತಿಯಿದೆ. ಕುಡಗೋಲಿಗೋ ಗೂಟಕ್ಕೋ ಕರಿ ಬಣ್ಣದ ಲೇಪ ಬೇಕಾದರೆ ಅಗಸಿ ಎಣ್ಣೆ ಅಥವಾ ಕುಸುಬಿ ಎಣ್ಣೆ ತೆಗೆದುಕೊಳ್ಳಿ. ಇವೆರಡೂ ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆ. ಕಬ್ಬಿಣವನ್ನು ಸುಮಾರು 200 ಡಿಗ್ರಿಗೆ ಕಾಯಿಸಿ, ಹತ್ತಿ ಬಟ್ಟೆಯಲ್ಲಿ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಶೇಂಗಾ ಎಣ್ಣೆ ಇದಕ್ಕೆ ಆಗದು. ಅಂಟಂಟಾಗಿಯೇ ಉಳಿದು ಧೂಳು ಹಿಡಿಯುತ್ತದೆ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹೊರಗೆ ಹರವಿ ಒಣಗಿಸಿ.

ಶೇಂಗಾ ಎಣ್ಣೆಗೆ ಅದರದ್ದೇ ಜಾಗವಿದೆ: ಉಕ್ಕನ್ನು ಅದ್ದಿ ಗಡುಸು ಮಾಡುವಾಗ. ಅದಕ್ಕೆ ಮುಂಚೆ ಕೈಯಲ್ಲಿರುವುದು ಎಂಥ ಉಕ್ಕು ಅನ್ನುವುದು ಗೊತ್ತಿರಬೇಕು. ಗುಜರಿಯಿಂದ ತಂದ ತುಂಡನ್ನು ನೆರಳಿನಲ್ಲಿ ಗ್ರೈಂಡರಿಗೆ ಹಿಡಿದು ಕಿಡಿ ನೋಡಿ. ಮೆತ್ತನೆ ಕಬ್ಬಿಣದ ಕಿಡಿ ಉದ್ದಕ್ಕೆ ನೇರವಾಗಿ ಹೋಗುತ್ತದೆ, ತುದಿಯಲ್ಲಿ ಕವಲು ಕಡಿಮೆ. ಇಂಗಾಲ ಹೆಚ್ಚಿದ್ದ ಉಕ್ಕಿನ ಕಿಡಿ ಚಕ್ರದ ಹತ್ತಿರವೇ ಒಡೆದು ಪೊದೆಯಂತೆ ಕವಲೊಡೆಯುತ್ತದೆ. ಬೀಡಿನ (ಎರಕದ ಕಬ್ಬಿಣದ) ಕಿಡಿ ಗಿಡ್ಡ, ಕೆಂಪು. ಕಟ್ಟಡದ ಟಿಎಂಟಿ ಕಂಬಿಯಿಂದ ಚಾಣ (ಉಳಿ) ಮಾಡಹೊರಡುವವರು ಬಹಳ. ಅದರಲ್ಲಿ ಇಂಗಾಲ ಕಡಿಮೆ, ಎಷ್ಟು ಅದ್ದಿದರೂ ಬಾಯಿ ನಿಲ್ಲುವುದಿಲ್ಲ. ಲಾರಿ ಪಾಟಾ (ಸ್ಪ್ರಿಂಗ್ ಪಟ್ಟಿ) ತನ್ನಿ. ಹಳೇ ಪಾಟಾದಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಸೀಮೆಎಣ್ಣೆ ಸವರಿ, ಮೇಲಿನದನ್ನು ಒಣಗುವಂತೆ ಒರೆಸಿ ಸೀಮೆಸುಣ್ಣ ಉಜ್ಜಿದರೆ ಬಿರುಕಿದ್ದಲ್ಲಿ ಎಣ್ಣೆಯ ಗೆರೆ ಮೂಡುತ್ತದೆ.

ಪಾಟಾ ಹಾಗೆಯೇ ಡ್ರಿಲ್ಲಿಗೆ ಬಗ್ಗುವುದಿಲ್ಲ, ಮೊದಲು ಮೆತ್ತಗಾಗಬೇಕು. ಇದಕ್ಕೆ ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಸಿಗುವ ಭತ್ತದ ಹೊಟ್ಟಿನ ಬೂದಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಉಕ್ಕಿನ ಕಾರ್ಖಾನೆಗಳೂ ಕರಗಿದ ಉಕ್ಕಿನ ಕಾವು ಹೋಗದಂತೆ ಇದನ್ನೇ ಮೇಲೆ ಹೊದಿಸುತ್ತವೆ. ಒಣ ಬೂದಿಯನ್ನು ದೊಡ್ಡ ತಗಡಿನ ಡಬ್ಬಿಗೆ ತುಂಬಿ. ಪಾಟಾ ತುಂಡನ್ನು ಅಯಸ್ಕಾಂತ ಹಿಡಿಯದಷ್ಟು ಕಾಯಿಸಿ, ಅದರ ಮೇಲೂ ಇನ್ನು ಸ್ವಲ್ಪ ಕೆಂಪೇರಿಸಿ, ಸುತ್ತ ಒಂದು ಗೇಣು ಬೂದಿ ಇರುವಂತೆ ಹೂತು ಮರುದಿನ ಬೆಳಿಗ್ಗೆವರೆಗೂ ಕೆದಕದೆ ಬಿಡಿ. ಬೇಗ ತೆಗೆದರೆ ಅರ್ಧ ಮೆತ್ತಗೆ, ಅರ್ಧ ಗಡುಸು. ಬೀಡಿನ ಪಂಪ್ ಭಾಗ ಬೆಸೆದಾಗಲೂ ಹೀಗೇ ಬೂದಿಯಲ್ಲಿ ಹೂತಿಟ್ಟರೆ ಬೆಸುಗೆಯ ಪಕ್ಕ ಟಿಕ್ ಎಂದು ಸೀಳುವುದು ಬಹಳ ಕಡಿಮೆಯಾಗುತ್ತದೆ. ಬೂದಿ ಹಾರಿಸಬೇಡಿ, ಅದರಲ್ಲಿರುವ ಸಿಲಿಕಾ ಪುಪ್ಪುಸಕ್ಕೆ ಕೆಟ್ಟದ್ದು.

ಆಕಾರ ಕೊಟ್ಟಾದ ಮೇಲೆ ಗಡುಸು ಮಾಡುವ ಕೆಲಸವನ್ನು ಹೊತ್ತು ಮುಳುಗಿದ ಮೇಲೆ ಇಟ್ಟುಕೊಳ್ಳಿ. ನಮ್ಮ ಮಧ್ಯಾಹ್ನದ ಬೆಳಕಿನಲ್ಲಿ ಕೆಂಡದ ಬಣ್ಣ ಕಾಣುವುದಿಲ್ಲ, ಕಂಡಿತೆಂದುಕೊಳ್ಳುವಷ್ಟರಲ್ಲಿ ಅತಿಯಾಗಿ ಕಾದಿರುತ್ತದೆ. ಅತಿಯಾಗಿ ಕಾದ ಉಕ್ಕಿನ ಒಳಕಣ ದೊಡ್ಡದಾಗಿ, ಬಾಯಿ ಚಕ್ಕೆ ಏಳುತ್ತದೆ. ಅಯಸ್ಕಾಂತ ಬಿಡುವುದು 770 ಡಿಗ್ರಿಯಲ್ಲಿ. ಪಾಟಾಕ್ಕೆ 830–850 ಬೇಕು, ಅಂದರೆ ಅಯಸ್ಕಾಂತ ಬಿಟ್ಟ ಮೇಲೆ ಒಂದು ಛಾಯೆ ಹೆಚ್ಚು. ನೀರಿಗೆ ಹಾಕಿದರೆ ಸೀಳುತ್ತದೆ. ಎಣ್ಣೆಯೂ ತಣ್ಣಗಿರಬಾರದು, 50–60 ಡಿಗ್ರಿಗೆ ಕಾಯಿಸಿದ ಎಣ್ಣೆ ತೆಳುವಾಗಿ ಹರಿದು ಬೇಗ ಕಾವು ಸೆಳೆಯುತ್ತದೆ. ಅರ್ಧ ಕಿಲೋದ ತುಂಡಿಗೆ ನಾಲ್ಕೈದು ಲೀಟರ್ ಎಣ್ಣೆ, ಕಬ್ಬಿಣದ ಪಾತ್ರೆ, ಪಕ್ಕದಲ್ಲೇ ಅದರ ಮುಚ್ಚಳ. ನೆಟ್ಟಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ಅಡ್ಡ ಆಡಿಸಿದರೆ ಸೊಟ್ಟಗಾಗುತ್ತದೆ. ಹೊತ್ತಿಕೊಂಡರೆ ಮುಚ್ಚಳ ಮುಚ್ಚಬೇಕು, ನೀರು ಮಾತ್ರ ಕೂಡದು. ಹಳೇ ಇಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆಂದು ಅದಕ್ಕೆ ಕೈ ಹಾಕಬೇಡಿ, ಹೊಗೆ ವಿಷ.

ತಣಿದ ಮೇಲೆ ಅರ ಹಚ್ಚಿದರೆ ಜಾರಬೇಕು. ಕಚ್ಚಿದರೆ ಗಡುಸಾಗಿಲ್ಲ. ಜಾರಿತೆಂದು ಹಾಗೇ ಬಿಟ್ಟರೆ ಕೈಜಾರಿ ಬಿದ್ದಾಗ ಗಾಜಿನಂತೆ ಒಡೆಯುತ್ತದೆ, ಅದೇ ಸಂಜೆ ಹದ ಇಳಿಸಲೇಬೇಕು. ಹೊಳೆಯುವಂತೆ ಉಜ್ಜಿ ಮೆಲ್ಲಗೆ ಕಾಯಿಸಿ. ಒಣ ಜೋಳದ ದಂಟಿನ ತೆಳು ಹಳದಿ ಬಂದರೆ 220ರ ಆಸುಪಾಸು, ಅದು ಚಾಕುವಿಗೆ. ಕಂದು 260, ನೇರಳೆ 280. ಚಾಣದ ಬಾಯಿಗೆ ಇವೆರಡರ ನಡುವೆ. ಚಾಣದ ತಲೆಯನ್ನು ಗಡುಸು ಮಾಡಲೇಬಾರದು, ಸುತ್ತಿಗೆ ಏಟಿಗೆ ಚೂರು ಕಣ್ಣಿಗೆ ಸಿಡಿಯುತ್ತದೆ.

ಡ್ರಿಲ್ಲಿನ ಲೆಕ್ಕ ಸಣ್ಣದು: ಮೆತ್ತನೆ ಕಬ್ಬಿಣಕ್ಕೆ 8000ವನ್ನು ಬಿಟ್ಟಿನ ಮಿ.ಮೀ. ಅಳತೆಯಿಂದ ಭಾಗಿಸಿ, ಬಂದದ್ದು ನಿಮಿಷಕ್ಕೆ ಸುತ್ತು. 10 ಮಿ.ಮೀ. ಬಿಟ್ಟಿಗೆ 800. ಸ್ಟೀಲಿಗೆ, ಅಂದರೆ ಸ್ಟೇನ್‌ಲೆಸ್‌ಗೆ, ಅದರ ಅರ್ಧಕ್ಕೂ ಕಡಿಮೆ. ಕೈ ಡ್ರಿಲ್ಲು ಪೂರ್ತಿ ಒತ್ತಿದರೆ ಎರಡು ಸಾವಿರ ದಾಟುವುದುಂಟು, ಬಿಟ್ಟಿನ ಬಾಯಿ ನೀಲಿಯಾಗುವುದು ಅದಕ್ಕೇ. ಕೀಚ್ ಅನ್ನುವ ಸದ್ದು ಬಂದರೆ ಬಿಟ್ಟು ಕೊರೆಯುತ್ತಿಲ್ಲ, ಉಜ್ಜುತ್ತಿದೆ. ಸ್ಟೇನ್‌ಲೆಸ್ ಉಜ್ಜಿದಷ್ಟೂ ಗಡುಸಾಗುತ್ತದೆ, ಆದ್ದರಿಂದ ನಿಧಾನ ಸುತ್ತು, ಗಟ್ಟಿ ಒತ್ತಡ. ತಂಪಿಗೆ ಸೋಲ್ಯುಬಲ್ ಆಯಿಲ್ (ನೀರಲ್ಲಿ ಬೆರೆಯುವ ಎಣ್ಣೆ) ಕಲಸುವಾಗ ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಎಣ್ಣೆ ಒಡೆದು ಕೆನೆಗಟ್ಟುತ್ತದೆ, ಕಬ್ಬಿಣಕ್ಕೆ ಜಂಗೂ ಹತ್ತುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದು, ಇಪ್ಪತ್ತು ಪಾಲು ನೀರಿಗೆ ಒಂದು ಪಾಲು ಎಣ್ಣೆ ಹಾಕಿ. ನೀರಿಗೆ ಎಣ್ಣೆ ಸುರಿಯಬೇಕು, ಎಣ್ಣೆಗೆ ನೀರಲ್ಲ.

ಡ್ರಿಲ್ಲಿನ ಮುಂದೆ ಕೈಗವಸು ಬೇಡ, ಹೆಗಲ ಮೇಲೆ ಟವೆಲ್ ಬೇಡ, ಲುಂಗಿಯಂತೂ ಬೇಡವೇ ಬೇಡ. ಬಳ್ಳಾರಿಯ ಜೀನ್ಸ್ ಪ್ಯಾಂಟು ವೆಲ್ಡಿಂಗಿಗೆ ಹೇಳಿ ಮಾಡಿಸಿದ್ದು. ಆದರೆ ಶುದ್ಧ ಹತ್ತಿಯದು ಆರಿಸಿ, ಹಿಗ್ಗುವ ದಾರ ಸೇರಿದ್ದು ಬೇಡ. ಕಾಲ ಬಳಿ ಮಡಚಿದ್ದರೆ ಕಿಡಿ ಅಲ್ಲೇ ಕೂರುತ್ತದೆ, ಎಳೆ ಎದ್ದಿದ್ದರೆ ಹೊತ್ತುತ್ತದೆ.

ಗ್ರೈಂಡರಿನ ಕಟಿಂಗ್ ಚಕ್ರ ಕೊಳ್ಳುವಾಗ ನಡುವಿನ ಲೋಹದ ಬಳೆಯ ಮೇಲೆ ಒತ್ತಿದ ಬಳಕೆಯ ಕೊನೆ ದಿನಾಂಕ ಓದಿ. ರಾಳದಿಂದ ಕಟ್ಟಿದ ಚಕ್ರಕ್ಕೆ ತಯಾರಾದಾಗಿನಿಂದ ಸಾಮಾನ್ಯವಾಗಿ ಮೂರು ವರ್ಷದ ಆಯುಷ್ಯ. ಗಾರ್ಡು ತೆಗೆದು ನಾಲ್ಕಿಂಚಿನ ಮಷಿನ್ನಿಗೆ ಐದಿಂಚಿನ ಚಕ್ರ ಹಾಕುವುದು ಜೀವದ ಜೊತೆ ಆಟ.

ಜಿಐ ಪೈಪು ಬೆಸೆಯುವ ಮುಂಚೆ ಎರಡೂ ಕಡೆ ಎರಡಿಂಚು ಸತುವಿನ ಲೇಪ ಉಜ್ಜಿ ತೆಗೆಯಿರಿ. ಬಯಲಲ್ಲಿ, ಗಾಳಿಗೆ ಅಡ್ಡವಾಗಿ ನಿಂತು, ಹೊಗೆ ಮುಖಕ್ಕೆ ಬಾರದಂತೆ ಕೆಲಸ ಮಾಡಿ. ಬಿಳಿ ಹೊಗೆ ಕುಡಿದರೆ ಕೆಲವು ತಾಸಿನ ನಂತರ ಚಳಿ ಜ್ವರ ಬರುತ್ತದೆ. ಹಾಲು ಕುಡಿದರೆ ಏನೂ ಆಗದು ಅನ್ನುವುದು ಬರೀ ನಂಬಿಕೆ, ಹಾಲು ಪುಪ್ಪುಸಕ್ಕೆ ಹೋಗುವುದಿಲ್ಲ. ಉಸಿರು ಕಟ್ಟಿದಂತಾದರೆ ದವಾಖಾನೆಗೆ ಹೋಗಿ.

ಬಣ್ಣ ಹೊಡೆಯುವುದು ಬೆಳಗಿನ ಕೆಲಸ. ಬಿಸಿಲಿಗೆ ಕಾದ ಗೇಟಿಗೆ ರೆಡ್ ಆಕ್ಸೈಡ್ ಬಳಿದರೆ ಮೇಲಿನ ಪದರ ಮೊದಲು ಒಣಗಿ ಒಳಗಿನ ಟರ್ಪೆಂಟೈನ್ ಗುಳ್ಳೆಯೇಳುತ್ತದೆ; ಸ್ಪ್ರೇ ಆದರೆ ಹನಿ ತಲುಪುವ ಮುಂಚೆಯೇ ಒಣಗಿ ಮರಳು ಎರಚಿದಂತಾಗುತ್ತದೆ. ಅಂಗೈ ಇಟ್ಟು ಹತ್ತು ಎಣಿಸಲು ಆಗದಷ್ಟು ಬಿಸಿಯಿದ್ದರೆ ಬ್ರಷ್ ಕೆಳಗಿಡಿ, ಮರುದಿನ ಇಬ್ಬನಿ ಆರಿದೊಡನೆ ಶುರು ಮಾಡಿ.