ಜಿನ್ ಮತ್ತು ಝೆ ಲೆಕ್ಕ: ಗುವಾಂಗ್‌ಝೌ ಪೇಟೆಗಳಲ್ಲಿ ನಾಲ್ಕು ದಿನ

2024ರ ನವೆಂಬರ್‌ನಲ್ಲಿ ನಾನೂ ನನ್ನ ಹೆಂಡತಿಯೂ ದಕ್ಷಿಣ ಚೀನಾದ ಗುವಾಂಗ್‌ಝೌ ನಗರದಲ್ಲಿ ನಾಲ್ಕು ದಿನ ಇದ್ದೆವು. ಅಲ್ಲಿನ ಕ್ಯಾಂಟನ್ ಮೇಳವೆಂಬ ವ್ಯಾಪಾರ ಮೇಳದ ದಿನಗಳಲ್ಲಿ ಹೋಟೆಲ್ ಬಾಡಿಗೆ ಏರುವುದರಿಂದ, ಮೇಳ ಮುಗಿದ ಮೇಲೆಯೇ ಹೊರಟೆವು. ನೋಡಬೇಕಾದ ಪೇಟೆಗಳನ್ನೆಲ್ಲ ಮೆಟ್ರೊದ 1ನೆಯ ಮಾರ್ಗದ ಉದ್ದಕ್ಕೇ ಆರಿಸಿಕೊಂಡಿದ್ದರಿಂದ ಅಲೆದಾಟ ಉಳಿಯಿತು: ಗೊಂಗ್‌ಯುವಾನ್‌ಚಿಯೆನ್‌ನಲ್ಲಿ ಇಳಿದರೆ ಬೀಜಿಂಗ್ ರಸ್ತೆ, ಚಾಂಗ್‌ಶೌ ರಸ್ತೆ ನಿಲ್ದಾಣದಲ್ಲಿ ಶಾಂಗ್‌ಶಿಯಾಜಿಯು, ಹುವಾಂಗ್‌ಶಾದಲ್ಲಿ ಚಿಂಗ್‌ಪಿಂಗ್ ಮಾರುಕಟ್ಟೆ, ಅಲ್ಲಿಂದ ನದಿ ದಾಟಿದೊಡನೆ ಫಾಂಗ್‌ಚುನ್‌ನ ಚಹಾ ಪೇಟೆ.

ನಮ್ಮ ಯುಪಿಐ ಅಲ್ಲಿ ನಡೆಯುವುದಿಲ್ಲ. ಕಬ್ಬಿನ ಹಾಲು ಮಾರುವವರೂ ಕ್ಯೂಆರ್ ಚೀಟಿಯನ್ನೇ ಮುಂದಿಡುವ ಊರು ಅದಾದ್ದರಿಂದ, ಹೊರಡುವ ಮೊದಲೇ ಮನೆಯಲ್ಲಿ ಕುಳಿತು ಅಲ್ಲಿನ ಪಾವತಿ ಆ್ಯಪ್ ಆದ ಅಲಿಪೇಗೆ ಪಾಸ್‌ಪೋರ್ಟ್ ವಿವರವನ್ನೂ ವೀಸಾ ಕಂಪನಿಯ ಬ್ಯಾಂಕ್ ಕಾರ್ಡನ್ನೂ ಜೋಡಿಸಿಕೊಂಡಿದ್ದೆ. ವಿದೇಶಿ ಕಾರ್ಡಿನಿಂದ ಒಂದು ಬಾರಿಗೆ 200 ಯುವಾನ್ ಮೀರಿ ಪಾವತಿಸಿದರೆ ಶೇ. 3ರಷ್ಟು ಶುಲ್ಕ ಬೀಳುತ್ತದೆ ಎಂಬುದನ್ನು ನಾಲ್ಕೂ ದಿನ ನೆನಪಿನಲ್ಲಿಟ್ಟುಕೊಂಡೆ.

ಬೀಜಿಂಗ್ ರಸ್ತೆಯಲ್ಲಿ ಕೊಂಡದ್ದು ಏನೂ ಇಲ್ಲ. ಆದರೆ ಆ ರಸ್ತೆಯ ನಡುವೆ ಗಾಜು ಹೊದಿಸಿದ ಹೊಂಡವೊಂದಿದೆ. 2002ರಲ್ಲಿ ಅಗೆದಾಗ ಸಿಕ್ಕ ಹಳೆಯ ರಸ್ತೆಗಳ ಪದರಗಳು ಅದರೊಳಗೆ ಒಂದರ ಮೇಲೊಂದು ಕಾಣುತ್ತವೆ. ಸಾವಿರ ವರ್ಷದಿಂದಲೂ ಇದೇ ಜಾಗದಲ್ಲಿ ಜನ ನಡೆದಿದ್ದಾರೆ, ಈಗಿನವರು ಐಸ್‌ಕ್ರೀಂ ಹಿಡಿದು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ.

ಶಾಂಗ್‌ಶಿಯಾಜಿಯು ನನಗೆ ಹೆಚ್ಚು ಹಿಡಿಸಿತು. ಅಲ್ಲಿನ ಹಳೆಯ ಕಟ್ಟಡಗಳ ಮೇಲಂತಸ್ತು ಕಂಬಗಳ ಮೇಲೆ ಮುಂದಕ್ಕೆ ಚಾಚಿಕೊಂಡು ಕಾಲುದಾರಿಗೆ ಸೂರಾಗಿರುವುದರಿಂದ ಬಿಸಿಲಿರಲಿ ಮಳೆಯಿರಲಿ, ಅಂಗಡಿಯಿಂದ ಅಂಗಡಿಗೆ ನೆರಳಿನಲ್ಲೇ ನಡೆಯಬಹುದು. ನಾನು ಮೊದಲು ಎಡವಿದ್ದೂ ಅಲ್ಲಿಯೇ. 200 ಯುವಾನ್ ಬೆಲೆಯ ಹತ್ತಿಯ ಜಾಕೆಟ್ಟಿನ ಮೇಲೆ ‘7 ಝೆ’ ಎಂಬ ರಿಯಾಯಿತಿ ಫಲಕವಿತ್ತು. ಶೇ. 70ರಷ್ಟು ಕಡಿತವೆಂದು ತಿಳಿದು 60 ಯುವಾನ್ ಕೊಡಲು ಸಿದ್ಧನಾದೆ. ಅಂಗಡಿಯ ಹುಡುಗಿ ಕ್ಯಾಲ್ಕುಲೇಟರಿನಲ್ಲಿ 140 ಎಂದು ಒತ್ತಿ ತೋರಿಸಿದಳು. ‘7 ಝೆ’ ಎಂದರೆ ಬೆಲೆಯ ಹತ್ತರಲ್ಲಿ ಏಳು ಪಾಲನ್ನು ನಾವು ಕೊಡಬೇಕೆಂದು ಅರ್ಥ. “ಅಂಕೆ ಚಿಕ್ಕದಾದಷ್ಟೂ ನಮಗೆ ಲಾಭ ಅಲ್ಲವೇನ್ರೀ?” ಎಂದು ಹೆಂಡತಿ ನನಗಿಂತ ಬೇಗ ಅರ್ಥಮಾಡಿಕೊಂಡಳು.

ಚಿಂಗ್‌ಪಿಂಗ್ ಒಣಗಿದ ಔಷಧಿ ಸಾಮಗ್ರಿಗಳ ಮಾರುಕಟ್ಟೆ. ಬೇರು, ಅಣಬೆ, ಕಡಲಕುದುರೆಗಳ ಗೋಣಿಗಳ ನಡುವೆ ನಮ್ಮನ್ನು ತಡೆದು ನಿಲ್ಲಿಸಿದ್ದು ‘ಚೆನ್‌ಪಿ’, ಅಂದರೆ ಹಳೆಯದಾಗಲು ಬಿಟ್ಟ ಕಿತ್ತಳೆ ಸಿಪ್ಪೆ. ಇದೇ ಗುವಾಂಗ್‌ಡಾಂಗ್ ಪ್ರಾಂತ್ಯದ ಶಿನ್‌ಹುಯಿಯ ಚೆನ್‌ಪಿಗೆ ಹೆಸರು ಹೆಚ್ಚು. ಸಿಪ್ಪೆಯನ್ನು ಬುಡದಲ್ಲಿ ಕೂಡಿಕೊಂಡಿರುವ ಮೂರು ಎಸಳುಗಳಾಗಿ ಬಿಡಿಸಿ ಒಣಗಿಸಿರುತ್ತಾರೆ. ವರ್ಷ ಕಳೆದಂತೆ ಬಣ್ಣ ಕಪ್ಪಾಗುತ್ತದೆ, ಬೆಲೆ ಏರುತ್ತದೆ. ಅಂಗಡಿಯ ಅಜ್ಜಿ ಒಂದು ಸಿಪ್ಪೆಯನ್ನು ದೀಪಕ್ಕೆ ಹಿಡಿದಾಗ ಎಣ್ಣೆಯ ಚುಕ್ಕೆಗಳು ಹೊಳೆದವು. ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡಿ ಕೈ ಪಳಗಿದ ನನ್ನ ಹೆಂಡತಿ ಮೂಸಿ ನೋಡಿ, ಅರ್ಧ ಕಿಲೊ ಬೇಕೇ ಬೇಕೆಂದಳು. ಚೀಟಿಯಲ್ಲಿ 90 ಎಂದಿದ್ದುದರಿಂದ ನಾನು 45ಕ್ಕೆ ಸಿದ್ಧನಾದೆ, ಅಜ್ಜಿ ಪೂರ್ತಿ 90 ಕೇಳಿದರು. ಅಲ್ಲಿ ಬೆಲೆ ಬರೆಯುವುದು ‘ಜಿನ್’ ಲೆಕ್ಕದಲ್ಲಿ, ಒಂದು ಜಿನ್ ಎಂದರೆ 500 ಗ್ರಾಂ. ಚೌಕಾಸಿಗೆ ಇಳಿದಾಗ ಅಜ್ಜಿ ಎಂಟು ಎನ್ನುವಂತೆ ಹೆಬ್ಬೆರಳನ್ನೂ ತೋರುಬೆರಳನ್ನೂ ಚಾಚಿದರು, 80ಕ್ಕೆ ಮುಗಿಯಿತು. ಹೆಬ್ಬೆರಳು ಮತ್ತು ಕಿರುಬೆರಳನ್ನು ಚಾಚಿದರೆ ಆರು. ಅದನ್ನು ಇನ್ನೊಂದು ಅಂಗಡಿಯಲ್ಲಿ ಕಂಡಾಗ, ಯಾರಿಗೋ ಫೋನ್ ಮಾಡಲು ಹೇಳುತ್ತಿದ್ದಾರೆಂದುಕೊಂಡು ನಾನು ಮೊಬೈಲ್ ತೆಗೆದಿದ್ದೆ.

ಫಾಂಗ್‌ಚುನ್‌ನಲ್ಲಿ ಅವಸರ ಸಲ್ಲದು. ಸಾಲುಸಾಲು ಚಹಾ ಅಂಗಡಿಗಳಲ್ಲಿ ಮೊದಲು ಕೂರಿಸಿ ಕುಡಿಸುತ್ತಾರೆ, ಬೆಲೆಯ ಮಾತು ಆಮೇಲೆ. ನಮಗೆ ಚಹಾ ಕೊಟ್ಟಾಕೆ ಮೊದಲ ನೀರನ್ನು ಎಲೆ ತೊಳೆಯುವುದಕ್ಕೆಂದೇ ಸುರಿದು ಚೆಲ್ಲಿದರು. ಎರಡನೆಯದನ್ನು ಗುಟುಕಿನಷ್ಟೇ ಹಿಡಿಯುವ ಬಟ್ಟಲುಗಳಿಗೆ ಬಗ್ಗಿಸಿದರು. ಬಟ್ಟಲು ತುಂಬುವಾಗ ಎರಡು ಬೆರಳುಗಳಿಂದ ಮೇಜನ್ನು ಮೆಲ್ಲನೆ ತಟ್ಟಿದರೆ ಅದೇ ಧನ್ಯವಾದ. ಕಾಫಿಯ ಊರಿನವನಾದ ನನಗೆ ಪುಅರ್ ಚಹಾದ ಮಣ್ಣಿನ ಘಮ ಒಗ್ಗುವುದಕ್ಕೆ ನಾಲ್ಕನೆಯ ಬಟ್ಟಲು ಬೇಕಾಯಿತು. ಆ ಚಹಾವನ್ನು ಬಿಲ್ಲೆಯಾಗಿ ಒತ್ತಿರುತ್ತಾರೆ. ಸಂಪ್ರದಾಯದ ಬಿಲ್ಲೆಯ ತೂಕ 357 ಗ್ರಾಂ, ಏಳು ಬಿಲ್ಲೆ ಸೇರಿದರೆ ಒಂದು ಕಟ್ಟು. ಏಳರಿಂದ ಗುಣಿಸಿ ನೋಡಿದೆ: 2,499 ಗ್ರಾಂ, ಹೆಚ್ಚುಕಡಿಮೆ ಐದು ಜಿನ್. ವಿಚಿತ್ರವೆನಿಸಿದ್ದ ತೂಕಕ್ಕೆ ಆಗ ಅರ್ಥ ಬಂತು.

ಆಕೆ 240 ಎಂದು ಒತ್ತಿದರು, ನಾನು 150 ಎಂದು ಒತ್ತಿದೆ. ಕ್ಯಾಲ್ಕುಲೇಟರ್ ಆರು ಬಾರಿ ಮೇಜು ದಾಟಿತು, ನಡುವೆ ಇನ್ನೆರಡು ಬಟ್ಟಲು ಚಹಾ ಬಂತು. ಒಂದೇ ಬಿಲ್ಲೆಯನ್ನು 195 ಯುವಾನ್‌ಗೆ ಕೊಂಡೆ. ಅಲಿಪೇ ಶುಲ್ಕ ಹಿಡಿಯಲಿಲ್ಲ.